ಹಳೆಯ ಡಿಸ್ಕ್‌ಗಳಿಗೊಂದು ಅಗ್ಗದ ಪ್ಲೇಯರ್: ನೋಡಿ ಕೊಳ್ಳಿ, ಜೋಪಾನವಾಗಿ ಬಳಸಿ

ಮದುವೆಯ ಡಿವಿಡಿ, ಮಗುವಿನ ನಾಮಕರಣದ ಸಿಡಿ, ಯಕ್ಷಗಾನ ಪ್ರಸಂಗದ ವಿಸಿಡಿ, ಅಜ್ಜಿ ಬೆಳಗ್ಗೆ ಕೇಳುತ್ತಿದ್ದ ದೇವರನಾಮಗಳ ಎಂಪಿ3. ಇಂಥ ಡಿಸ್ಕ್‌ಗಳು ನಮ್ಮ ಎಷ್ಟೋ ಮನೆಗಳ ಬೀರುವಿನಲ್ಲಿ ಇಂದಿಗೂ ಇವೆ. 2007ರ ಸುಮಾರಿಗೆ ಮೋಸರ್ ಬೇಯರ್ ಕಂಪನಿ ಸಿನಿಮಾ ವಿಸಿಡಿಯನ್ನು 28 ರೂಪಾಯಿಗೂ ಡಿವಿಡಿಯನ್ನು 34 ರೂಪಾಯಿಗೂ ಮಾರತೊಡಗಿದಾಗ ಜನ ಕಟ್ಟುಗಟ್ಟಲೆ ಕೊಂಡಿದ್ದರು. ಆ ಡಿಸ್ಕ್‌ಗಳು ಉಳಿದುಕೊಂಡಿವೆ; ಓದುವ ಯಂತ್ರ ಮೂಲೆ ಸೇರಿದೆ. ಈಗಿನ ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಹಾಕುವ ಜಾಗವೇ ಇಲ್ಲ.

ಅಗ್ಗದ ಡಿವಿಡಿ ಪ್ಲೇಯರ್ ಈಗಲೂ ಸಿಗುತ್ತದೆ. ಹೊಸದಾದರೆ ಅಂಗಡಿ ಮತ್ತು ಆನ್‌ಲೈನ್‌ನಲ್ಲಿ, ಹಳೆಯದಾದರೆ ಬೆಂಗಳೂರಿನ ಸಂಡೇ ಬಜಾರ್‌ನಂಥ ಕಡೆ ಅಥವಾ ನಿಮ್ಮೂರಿನ ಟಿ.ವಿ. ರಿಪೇರಿ ಅಂಗಡಿಯಲ್ಲಿ. ಯಾವುದನ್ನು ಕೊಂಡರೂ ಒಂದು ಮಾತು ನೆನಪಿರಲಿ: ಪ್ಲೇಯರ್‌ನ ಯೋಗ್ಯತೆಯನ್ನು ನಿಮ್ಮ ಮನೆಯ ಡಿಸ್ಕ್‌ಗಳಿಂದಲೇ ಅಳೆಯಬೇಕು. ರಟ್ಟಿನ ಪೆಟ್ಟಿಗೆಯ ಮೇಲೆ ಏನು ಅಚ್ಚಾಗಿದೆ ಎಂಬುದು ಆಮೇಲಿನ ವಿಚಾರ.

ಹಂತ 1: ಇರುವ ಡಿಸ್ಕ್‌ಗಳನ್ನು ವಿಂಗಡಿಸಿ

ಎಲ್ಲ ಡಿಸ್ಕ್‌ಗಳೂ 12 ಸೆಂಟಿಮೀಟರ್ ಅಗಲದವೇ. ಆದರೆ ಒಳಗಿನ ಸರಕು ಬೇರೆ ಬೇರೆ.

ಆಡಿಯೊ ಸಿಡಿ: 1982ರಲ್ಲಿ ಬಂದದ್ದು. 74ರಿಂದ 80 ನಿಮಿಷ ಹಾಡು ಹಿಡಿಸುತ್ತದೆ.

ಎಂಪಿ3 ಸಿಡಿ: ಅದೇ ಸಿಡಿಯಲ್ಲಿ ಹಾಡುಗಳನ್ನು ಫೈಲ್‌ಗಳಾಗಿ ತುಂಬಿದ್ದು. 700 ಎಂಬಿ ಡಿಸ್ಕ್‌ನಲ್ಲಿ ಸಾಧಾರಣ ಗುಣಮಟ್ಟದ ಹಾಡುಗಳು ಸುಮಾರು 12 ಗಂಟೆಯಷ್ಟು ಕೂರುತ್ತವೆ.

ವಿಸಿಡಿ: 1993ರದ್ದು. ಒಂದು ಡಿಸ್ಕ್‌ನಲ್ಲಿ ಸುಮಾರು 74 ನಿಮಿಷ. ಅದಕ್ಕೇ ಒಂದು ಸಿನಿಮಾ ಎರಡು ಮೂರು ಡಿಸ್ಕ್‌ಗಳಲ್ಲಿ ಬರುತ್ತಿತ್ತು.

ಡಿವಿಡಿ: 1996ರದ್ದು. ಒಂದು ಪದರದ್ದಕ್ಕೆ 4.7 ಜಿಬಿ, ಎರಡು ಪದರದ್ದಕ್ಕೆ 8.5 ಜಿಬಿ.

ಬ್ಲೂ-ರೇ: 2006ರದ್ದು. ಇದಕ್ಕೆ ಬೇರೆ ಪ್ಲೇಯರೇ ಬೇಕು.

ಇನ್ನೊಂದು ವಿಂಗಡಣೆ ಇದಕ್ಕಿಂತ ಮುಖ್ಯ. ಡಿಸ್ಕ್ ತಿರುಗಿಸಿ ಕೆಳಭಾಗ ನೋಡಿ. ಬೆಳ್ಳಿಯಂತೆ ಹೊಳೆದರೆ ಅದು ಕಾರ್ಖಾನೆಯಲ್ಲಿ ಅಚ್ಚು ಹಾಕಿದ್ದು. ನೇರಳೆ, ನೀಲಿ ಅಥವಾ ಹಸಿರು ಛಾಯೆ ಇದ್ದರೆ ಸ್ಟುಡಿಯೊದವರು ಬರೆದುಕೊಟ್ಟದ್ದು, ಅಂದರೆ ‘ರೈಟ್’ ಮಾಡಿದ್ದು. ಇದರಲ್ಲಿ ಮಾಹಿತಿ ಇರುವುದು ಬಣ್ಣದ ಒಂದು ಪದರದಲ್ಲಿ. ಬಿಸಿಲು, ಸೆಕೆ, ತೇವಕ್ಕೆ ಅದು ವರ್ಷ ಕಳೆದಂತೆ ಮಾಸುತ್ತದೆ. ಮದುವೆ ಡಿಸ್ಕ್‌ಗಳೆಲ್ಲ ಹೆಚ್ಚಾಗಿ ಈ ಜಾತಿಯವು.

ಹಂತ 2: ಯಾವ ಯಂತ್ರ ಸಾಕು ಎಂದು ತೀರ್ಮಾನಿಸಿ

ಬ್ಲೂ-ರೇ ಡಿಸ್ಕ್ ಇಲ್ಲದವರಿಗೆ ಸಾದಾ ಡಿವಿಡಿ ಪ್ಲೇಯರ್ ಧಾರಾಳವಾಗಿ ಸಾಕು. ದುಬಾರಿ ಯಂತ್ರ ಎಲ್ಲವನ್ನೂ ಓದುತ್ತದೆ ಎಂಬ ನಂಬಿಕೆ ಬೇಡ. ಕೆಲವು ಬ್ಲೂ-ರೇ ಪ್ಲೇಯರ್‌ಗಳು ವಿಸಿಡಿಯನ್ನು ಓದುವುದೇ ಇಲ್ಲ. ವಿಸಿಡಿ ರಾಶಿ ಇರುವ ಮನೆಗೆ ಅಗ್ಗದ ಡಿವಿಡಿ ಪ್ಲೇಯರೇ ಮೇಲು.

ಪೆಟ್ಟಿಗೆಯ ಮೇಲೆ ಇಷ್ಟನ್ನು ನೋಡಿ: ವಿಸಿಡಿ ಮತ್ತು ಎಂಪಿ3 ಓದುತ್ತದೆಯೇ? ನಿಮ್ಮ ಟಿ.ವಿ.ಗೆ ಹೊಂದುವ ಸಾಕೆಟ್ ಇದೆಯೇ? ರೀಜನ್ ಎಷ್ಟು? ಡಿವಿಡಿಗಳ ಲೆಕ್ಕದಲ್ಲಿ ಭಾರತ ರೀಜನ್ 5. ಅಮೆರಿಕದಿಂದ ನೆಂಟರು ತಂದ ಡಿಸ್ಕ್ ರೀಜನ್ 1 ಆಗಿರಬಹುದು. ಅದೂ ಓಡಬೇಕೆಂದರೆ ‘ಆಲ್ ರೀಜನ್’ ಯಂತ್ರವನ್ನೇ ಕೇಳಿ.

‘1080 ಅಪ್‌ಸ್ಕೇಲಿಂಗ್’ ಎಂಬ ದೊಡ್ಡ ಅಕ್ಷರಕ್ಕೆ ಹೆಚ್ಚು ಹಣ ಕೊಡಬೇಡಿ. ನಮ್ಮಲ್ಲಿನ ಡಿವಿಡಿಯ ಚಿತ್ರ 720×576 ಚುಕ್ಕೆಗಳದ್ದು, ವಿಸಿಡಿಯದು ಬರೀ 352×288. ಯಂತ್ರ ಅದನ್ನು ಹಿಗ್ಗಿಸಿ ಕೊಟ್ಟೀತೇ ಹೊರತು ಡಿಸ್ಕ್‌ನಲ್ಲಿ ಇಲ್ಲದ ವಿವರ ಎಲ್ಲಿಂದಲೂ ಬರುವುದಿಲ್ಲ. 5.1 ಸಾಕೆಟ್‌ಗಳೂ ಅಷ್ಟೇ. ಮನೆಯಲ್ಲಿ ಅದಕ್ಕೆ ತಕ್ಕ ಆಂಪ್ಲಿಫೈಯರ್ ಇಲ್ಲದಿದ್ದರೆ ಅವು ಖಾಲಿ ತೂತುಗಳು.

ಹಂತ 3: ಪರೀಕ್ಷೆಗೆ ಡಿಸ್ಕ್‌ಗಳ ಚೀಲ ಸಿದ್ಧಮಾಡಿ

ಅಂಗಡಿಗೆ ಬರಿಗೈಯಲ್ಲಿ ಹೋಗಬೇಡಿ. ಈ ಐದನ್ನು ಒಯ್ಯಿರಿ:

1. ಅಂಗಡಿಯಲ್ಲಿ ಕೊಂಡ ಒಂದು ಸಿನಿಮಾ ವಿಸಿಡಿ.
2. ಉದ್ದದ ಸಿನಿಮಾದ ಎರಡು ಪದರದ ಡಿವಿಡಿ. ಇದರ ಕೆಳಭಾಗ ಸ್ವಲ್ಪ ಹೊಂಬಣ್ಣಕ್ಕೆ ತಿರುಗಿರುತ್ತದೆ.
3. ಸ್ಟುಡಿಯೊದಲ್ಲಿ ಬರೆದ ಒಂದು ಹಳೆಯ ಡಿವಿಡಿ.
4. ಒಂದು ಎಂಪಿ3 ಸಿಡಿ.
5. ಯಂತ್ರದಲ್ಲಿ ಯುಎಸ್‌ಬಿ ಸಾಕೆಟ್ ಇದ್ದರೆ ಅದನ್ನು ಪರೀಕ್ಷಿಸಲು, ಎಫ್‌ಎಟಿ32 ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವ್.

ಇರುವ ಒಂದೇ ಒಂದು ಮದುವೆ ಡಿಸ್ಕನ್ನು ಮಾತ್ರ ಅಂಗಡಿಗೆ ಒಯ್ಯಬೇಡಿ. ಅದೇ ಕಾಲದ ಬೇರೊಂದು ಡಿಸ್ಕ್ ಸಾಕು. ಗೊತ್ತಿಲ್ಲದ ಟ್ರೇಗೆ ನೆನಪುಗಳನ್ನು ಒಪ್ಪಿಸುವುದು ಜಾಣತನವಲ್ಲ.

ಹಂತ 4: ಅಂಗಡಿಯಲ್ಲೇ ಓಡಿಸಿ ನೋಡಿ

ಇಡೀ ವ್ಯವಹಾರದಲ್ಲಿ ಹೆಚ್ಚು ಸಮಯ ಕೊಡಬೇಕಾದದ್ದು ಇಲ್ಲಿ. ಅರ್ಧ ಗಂಟೆ ಬೇಕೆಂದು ಅಂಗಡಿಯವರಿಗೆ ಮೊದಲೇ ಹೇಳಿ.

ಟ್ರೇ: ಐದಾರು ಸಲ ತೆಗೆದು ಹಾಕಿ. ತಡವರಿಸದೆ ಹೊರಬಂದು ಒಳಹೋಗಬೇಕು. ಅರ್ಧಕ್ಕೆ ನಿಂತು ಕೈಯಿಂದ ತಳ್ಳಿಸಿಕೊಂಡರೆ ಒಳಗಿನ ಬೆಲ್ಟ್ ಸಡಿಲವಾಗಿದೆ. ಇದು ಸಣ್ಣ ರಿಪೇರಿ. ಬೆಲೆ ಇಳಿಸಲು ಕಾರಣ ಮಾಡಿಕೊಳ್ಳಿ.

ಲೋಡಿಂಗ್: ಡಿಸ್ಕ್ ಹಾಕಿ ಕಿವಿ ಹತ್ತಿರ ತನ್ನಿ. ಡಿಸ್ಕ್ ಗಿರ್ರೆಂದು ತಿರುಗಿ, ಒಂದೆರಡು ಸಣ್ಣ ‘ಟಿಕ್’ ಸದ್ದಾಗಿ ಚಿತ್ರ ಬರಬೇಕು. ತಿರುಗಿ ನಿಂತು, ಮತ್ತೆ ತಿರುಗಿ ನಿಂತು, ಕೊನೆಗೆ ‘ನೋ ಡಿಸ್ಕ್’ ಎಂದರೆ ರಿಪೇರಿಯವರು ಹೇಳುವ ‘ಲೆನ್ಸ್ ಹೋಗಿದೆ’ ಎಂಬ ಸ್ಥಿತಿ.

ಎರಡು ಕಿರಣಗಳ ಪರೀಕ್ಷೆ: ಸಿಡಿ ಮತ್ತು ವಿಸಿಡಿ ಓದಲು 780 ನ್ಯಾನೋಮೀಟರ್‌ನ ಕಣ್ಣಿಗೆ ಕಾಣದ ಕಿರಣ ಬೇಕು, ಡಿವಿಡಿಗೆ 650 ನ್ಯಾನೋಮೀಟರ್‌ನ ಕೆಂಪು ಕಿರಣ. ಆದ್ದರಿಂದ ಒಂದು ಕೆಟ್ಟು ಇನ್ನೊಂದು ಚೆನ್ನಾಗಿರಬಹುದು. ಮಾರುವವರು ವಿಸಿಡಿ ಮಾತ್ರ ಹಾಕಿ ತೋರಿಸಿ ‘ಸೂಪರ್ ಕಂಡೀಷನ್’ ಎಂದರೆ ನಿಮ್ಮ ಡಿವಿಡಿ ತೆಗೆದು ಕೊಡಿ. ಅಚ್ಚಿನ ಡಿಸ್ಕ್ ಓಡಿ, ಬರೆದ ಡಿಸ್ಕ್ ತಿಣುಕಿದರೆ ಕಿರಣ ಸೊರಗುತ್ತಿರಬಹುದು, ಏಕೆಂದರೆ ಬರೆದ ಡಿಸ್ಕ್ ಬೆಳಕನ್ನು ಕಡಿಮೆ ಪ್ರತಿಫಲಿಸುತ್ತದೆ. ಅಂಥ ಯಂತ್ರ ಬೇಡ.

ಕೊನೆಯ ಭಾಗ: ಡಿಸ್ಕ್‌ನ ಓದು ಒಳಗಿನ ವೃತ್ತದಿಂದ ಶುರುವಾಗಿ ಹೊರ ಅಂಚಿಗೆ ಸಾಗುತ್ತದೆ. ಒಂದು ಪದರದ ಡಿಸ್ಕ್‌ನಲ್ಲಿ ಆರಂಭ ಚೆನ್ನಾಗಿದ್ದು ಕ್ಲೈಮ್ಯಾಕ್ಸ್‌ನಲ್ಲಿ ನಿಲ್ಲುವ ಕಾಯಿಲೆ ಬರುವುದು ಇದರಿಂದಲೇ. ರಿಮೋಟ್‌ನಿಂದ ಕೊನೆಯ ದೃಶ್ಯಗಳಿಗೆ ಹಾರಿ ಐದು ನಿಮಿಷ ನೋಡಿ. ಎರಡು ಪದರದ ಡಿವಿಡಿ ನಡುವೆ ಎಲ್ಲೋ ಒಮ್ಮೆ ಅರೆಕ್ಷಣ ತಡೆದು ಮುಂದೆ ಹೋದರೆ ಅದು ದೋಷವಲ್ಲ. ಪದರ ಬದಲಾಗುವ ಜಾಗ ಅದು.

ರಿಮೋಟ್: ಹಳೆಯ ಯಂತ್ರವಾದರೆ ರಿಮೋಟ್ ಇಲ್ಲದೆ ಕೊಳ್ಳಬೇಡಿ. ಅಗ್ಗದ ಪ್ಲೇಯರ್‌ಗಳ ಮುಂಭಾಗದಲ್ಲಿ ಎರಡು ಮೂರೇ ಗುಂಡಿಗಳು ಇರುವುದು. ಸೆಟಪ್ ಮೆನು ತೆರೆಯಲು ರಿಮೋಟ್ ಬೇಕೇ ಬೇಕು.

ಹಂತ 5: ಟಿ.ವಿ.ಗೆ ಜೋಡಿಸಿ

ಎರಡರಲ್ಲೂ ಎಚ್‌ಡಿಎಂಐ ಇದ್ದರೆ ಒಂದೇ ಕೇಬಲ್, ಕೆಲಸ ಮುಗಿಯಿತು. ಇಲ್ಲದಿದ್ದರೆ ಮೂರು ಬಣ್ಣದ ಎವಿ ಕೇಬಲ್: ಹಳದಿ ಚಿತ್ರಕ್ಕೆ, ಬಿಳಿ ಎಡ ಧ್ವನಿಗೆ, ಕೆಂಪು ಬಲ ಧ್ವನಿಗೆ. ಕೆಲವು ಟಿ.ವಿ.ಗಳಲ್ಲಿ ಹಳದಿ ಸಾಕೆಟ್ ಇರುವುದಿಲ್ಲ. ಹಸಿರು ಸಾಕೆಟ್ಟೇ ಕಾಂಪೊನೆಂಟ್ ಮತ್ತು ಎವಿ ಎರಡರ ಕೆಲಸವನ್ನೂ ಮಾಡುತ್ತದೆ. ಹಳದಿ ಪಿನ್ನನ್ನು ಅಲ್ಲಿಗೆ ಚುಚ್ಚಿದಾಗ ಚಿತ್ರ ಕಪ್ಪು-ಬಿಳುಪಾಗಿ ಬಂದರೆ ಟಿ.ವಿ.ಯ ಇನ್‌ಪುಟ್ಟನ್ನು ‘ಕಾಂಪೊನೆಂಟ್’ನಿಂದ ‘ಎವಿ’ಗೆ ಬದಲಿಸಿ, ಬಣ್ಣ ಬರುತ್ತದೆ. ಇನ್ನು ಕೆಲವು ಟಿ.ವಿ.ಗಳಿಗೆ ಇಯರ್‌ಫೋನ್ ಪಿನ್ನಿನಂಥ ಸಣ್ಣ ಎವಿ ಅಡಾಪ್ಟರ್ ಬೇಕು, ಅದು ಟಿ.ವಿ.ಯ ಪೆಟ್ಟಿಗೆಯಲ್ಲೇ ಬಂದಿರುತ್ತದೆ, ಹುಡುಕಿ.

ಹಂತ 6: ಸೆಟಪ್ ಸರಿಮಾಡಿ

ರಿಮೋಟ್‌ನ ‘ಸೆಟಪ್’ ಒತ್ತಿ, ಇಷ್ಟನ್ನು ಒಮ್ಮೆ ಸರಿಪಡಿಸಿದರೆ ಮತ್ತೆ ಮುಟ್ಟಬೇಕಿಲ್ಲ.

ಟಿ.ವಿ. ಆಕಾರ: ಅಗಲದ ಟಿ.ವಿ.ಗೆ 16:9. ಇಲ್ಲದಿದ್ದರೆ ಮುಖಗಳೆಲ್ಲ ಅಡ್ಡಡ್ಡಲಾಗಿ ಊದಿಕೊಳ್ಳುತ್ತವೆ.

ಟಿ.ವಿ. ಟೈಪ್: ಭಾರತದಲ್ಲಿ ‘ಪಾಲ್’. ವಿದೇಶದ ಡಿಸ್ಕ್‌ಗಳೂ ಇದ್ದರೆ ‘ಆಟೊ’ ಅಥವಾ ‘ಮಲ್ಟಿ’.

ಧ್ವನಿ: ಹಾಡು ಜೋರು, ಮಾತು ಪಿಸುಗುಟ್ಟಿದಂತೆ ಎಂಬ ದೂರಿಗೆ ಮದ್ದು ಇಲ್ಲಿದೆ. 5.1 ಧ್ವನಿಯಲ್ಲಿ ಸಂಭಾಷಣೆ ನಡುವಿನ ಸ್ಪೀಕರ್‌ಗೆ ಮೀಸಲು. ‘ಡೌನ್‌ಮಿಕ್ಸ್’ನಲ್ಲಿ ‘ಸ್ಟೀರಿಯೊ’ ಆರಿಸಿದರೆ ಅದು ಎಡಬಲ ಎರಡಕ್ಕೂ ಹಂಚಿಕೆಯಾಗುತ್ತದೆ. ಚಿತ್ರ ಬಂದು ಸದ್ದೇ ಬಾರದಿದ್ದರೆ ಡಿಜಿಟಲ್ ಔಟ್‌ಪುಟ್ಟನ್ನು ‘ಪಿಸಿಎಂ’ ಮಾಡಿ.

ಪಿ-ಸ್ಕ್ಯಾನ್: ಹಳದಿ ಕೇಬಲ್ ಬಳಸುವಾಗ ಈ ಗುಂಡಿಯನ್ನೋ ‘ವಿ-ಮೋಡ್’ ಗುಂಡಿಯನ್ನೋ ಮಕ್ಕಳು ಒತ್ತಿದರೆ ಚಿತ್ರ ಮಾಯವಾಗಬಹುದು ಅಥವಾ ಉರುಳತೊಡಗಬಹುದು. ಯಂತ್ರ ಕೆಟ್ಟಿಲ್ಲ. ಡಿಸ್ಕ್ ಹೊರತೆಗೆದು, ಚಿತ್ರ ಮರಳುವ ತನಕ ಅದೇ ಗುಂಡಿಯನ್ನು ನಿಧಾನವಾಗಿ ಒಂದೊಂದೇ ಸಲ ಒತ್ತಿ.

ಹಂತ 7: ತಪ್ಪು ಡಿಸ್ಕ್‌ನದ್ದೋ ಪ್ಲೇಯರ್‌ನದ್ದೋ ಗುರುತಿಸಿ

ವಿಸಿಡಿಯ ಓಟ, ಮಳೆ, ಹೊಡೆದಾಟದ ದೃಶ್ಯಗಳಲ್ಲಿ ಚಿತ್ರ ಚೌಕಚೌಕವಾಗುವುದು ಸಹಜ. ಆ ಕಾಲದ ತಂತ್ರಜ್ಞಾನದ ಮಿತಿ ಅದು. ದೊಡ್ಡ ಟಿ.ವಿ.ಯಲ್ಲಿ ಇನ್ನೂ ಎದ್ದು ಕಾಣುತ್ತದೆ. ಚಿತ್ರ ತಡೆದು ನಿಲ್ಲುವುದು ಬೇರೆ ವಿಷಯ.

ನಿಂತರೆ ಸಮಯ ಬರೆದಿಟ್ಟುಕೊಂಡು ಮತ್ತೆ ಹಾಕಿ. ಪ್ರತಿ ಸಲ ಅದೇ ಜಾಗದಲ್ಲಿ ನಿಂತರೆ ತಪ್ಪು ಬಹುಪಾಲು ಡಿಸ್ಕ್‌ನದ್ದು. ಒಂದೊಂದು ಸಲ ಒಂದೊಂದು ಕಡೆ ನಿಂತರೆ, ಒಳ್ಳೆಯ ಡಿಸ್ಕ್‌ಗಳೂ ನಿಂತರೆ ಪ್ಲೇಯರ್‌ನದ್ದು. ಈ ಒಂದು ಪರೀಕ್ಷೆ ಎಷ್ಟೋ ಅನಗತ್ಯ ರಿಪೇರಿ ಖರ್ಚನ್ನು ಉಳಿಸುತ್ತದೆ.

ಹಂತ 8: ಡಿಸ್ಕ್ ಒರೆಸುವ ಕ್ರಮ ಕಲಿಯಿರಿ

ಸುತ್ತಲೂ ಉಜ್ಜುವುದು ತಪ್ಪು ಕ್ರಮ. ಮಾಹಿತಿಯ ಸಾಲು ಸುರುಳಿಯಾಗಿ ಸಾಗುವುದರಿಂದ ಸುತ್ತ ಬಿದ್ದ ಗೀರು ಒಂದೇ ಕಡೆಯ ಮಾಹಿತಿಯನ್ನು ಉದ್ದಕ್ಕೂ ನುಂಗುತ್ತದೆ. ಮಧ್ಯದ ತೂತಿನಿಂದ ಅಂಚಿಗೆ ನೇರವಾಗಿ, ಮೆತ್ತನೆಯ ಹತ್ತಿ ಬಟ್ಟೆಯಿಂದ ಒರೆಸಿ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಬೂಷ್ಟು ಹಿಡಿದ ಡಿಸ್ಕನ್ನು ಚೊಕ್ಕ ನೀರಿನಲ್ಲಿ ಒಂದು ಹನಿ ಪಾತ್ರೆ ತೊಳೆಯುವ ದ್ರವ ಹಾಕಿ ತೊಳೆದು, ನೆರಳಿನಲ್ಲಿ ಆರಿಸಿ.

ಸಿಡಿಯ ಮೇಲ್ಭಾಗವೇ ಹೆಚ್ಚು ನಾಜೂಕು. ಮಾಹಿತಿಯ ಪದರ ಲೇಬಲ್‌ನ ಅಡಿಯಲ್ಲೇ ಇದೆ. ಬಾಲ್‌ಪೆನ್ನಿನಿಂದ ಹೆಸರು ಬರೆದರೂ ಗಾಯವಾಗುತ್ತದೆ. ಡಿವಿಡಿಯಲ್ಲಿ ಅದು ಎರಡು ತೆಳು ಪ್ಲಾಸ್ಟಿಕ್ ಬಿಲ್ಲೆಗಳ ನಡುವೆ ಭದ್ರವಾಗಿರುತ್ತದೆ. ಹಳೆಯ ಸಿಡಿಯನ್ನು ಬಲ್ಬಿನ ಬೆಳಕಿಗೆ ಹಿಡಿದಾಗ ಸೂಜಿಮೊನೆಯಂಥ ಬೆಳಕಿನ ಚುಕ್ಕೆಗಳು ಕಂಡರೆ ಅಲ್ಲಿ ಪದರ ಉದುರಿದೆ. ಯಾವ ದ್ರಾವಣವೂ ಅದನ್ನು ಮರಳಿಸದು.

ಹಂತ 9: ಯಂತ್ರ ಬಾಳುವಂತೆ ನೋಡಿಕೊಳ್ಳಿ

ನೋಡಿದ ಮೇಲೆ ರಿಮೋಟ್‌ನಿಂದಷ್ಟೇ ಆರಿಸದೆ ಗೋಡೆಯ ಸ್ವಿಚ್ಚನ್ನೂ ಆರಿಸಿ. ಕರೆಂಟ್ ಹೋಗಿ ಬರುವಾಗಿನ ಏರಿಳಿತಕ್ಕೆ ಮೊದಲು ಬಲಿಯಾಗುವುದು ಪವರ್ ಬೋರ್ಡ್. ಸೆಟ್‌ಟಾಪ್ ಬಾಕ್ಸ್ ಮೇಲೆ ಇಡಬೇಡಿ, ಬಿಸಿ ಏರುತ್ತದೆ. ಡಿಸ್ಕನ್ನು ಒಳಗೆ ಬಿಟ್ಟು ಯಂತ್ರವನ್ನು ಸಾಗಿಸಬೇಡಿ.

ಲೆನ್ಸ್ ಮೇಲೆ ಧೂಳು ಕೂತರೂ ‘ನೋ ಡಿಸ್ಕ್’ ಬರುತ್ತದೆ. ಮುಚ್ಚಳ ಬಿಚ್ಚುವುದು ಗೊತ್ತಿಲ್ಲದವರು ರಿಪೇರಿಯವರಿಂದಲೇ ಮಾಡಿಸಿ. ಗೊತ್ತಿದ್ದವರು ಪ್ಲಗ್ ಕಿತ್ತು ಸ್ವಲ್ಪ ಹೊತ್ತು ಬಿಟ್ಟು, ಐಸೊಪ್ರೊಪೈಲ್ ಆಲ್ಕೊಹಾಲ್ ಸೋಕಿಸಿದ ಹತ್ತಿ ಕಡ್ಡಿಯಿಂದ ಲೆನ್ಸನ್ನು ಒತ್ತದೆ ಸವರಿ. ಮುಚ್ಚಳ ತೆರೆದು ಯಂತ್ರ ಓಡಿಸಬೇಡಿ, ಲೆನ್ಸ್‌ನತ್ತ ಇಣುಕಲೇಬೇಡಿ. ಅದರ ಕಿರಣ ಕಣ್ಣಿಗೆ ಹಾನಿ ಮಾಡುತ್ತದೆ.

ಹಂತ 10: ಮನೆಯ ಡಿಸ್ಕ್‌ಗಳ ಪ್ರತಿ ಮಾಡಿ

ಸಿನಿಮಾ ಇನ್ನೊಂದು ಕಡೆ ಸಿಕ್ಕೀತು. ನಿಮ್ಮ ಮದುವೆಯ ಮಂಟಪ, ತೀರಿಕೊಂಡ ತಂದೆಯ ನಗು ಬೇರೆಲ್ಲೂ ಸಿಗುವುದಿಲ್ಲ. ಯುಎಸ್‌ಬಿಯಿಂದ ಜೋಡಿಸುವ ಡಿವಿಡಿ ಡ್ರೈವ್ ಇರುವವರಿಂದ ಕಂಪ್ಯೂಟರ್‌ಗೆ ನಕಲು ಮಾಡಿಸಿ. ಡಿವಿಡಿಯಲ್ಲಿ ‘ವಿಡಿಯೊ ಟಿಎಸ್’ ಎಂಬ ಇಡೀ ಫೋಲ್ಡರ್, ವಿಸಿಡಿಯಲ್ಲಿ ‘ಎಂಪಿಇಜಿ ಎವಿ’ ಎಂಬ ಫೋಲ್ಡರ್‌ನ ಡ್ಯಾಟ್ ಫೈಲ್‌ಗಳು ಬೇಕಾದವು. ಒಂದು ಪ್ರತಿ ಹಾರ್ಡ್‌ಡಿಸ್ಕ್‌ನಲ್ಲಿ, ಇನ್ನೊಂದು ಬೇರೆ ಮನೆಯಲ್ಲಿರುವ ಅಣ್ಣ ತಂಗಿಯರ ಬಳಿ ಇರಲಿ.

ಪ್ಲೇಯರ್ ತಯಾರಿಸುವವರೂ ಕಡಿಮೆಯಾಗುತ್ತಿದ್ದಾರೆ. ಒಳ್ಳೆಯ ಯಂತ್ರಗಳಿಗೆ ಹೆಸರಾಗಿದ್ದ ಒಪ್ಪೊ ಡಿಜಿಟಲ್ 2018ರಲ್ಲೇ ಹೊಸ ಪ್ಲೇಯರ್ ತಯಾರಿಕೆ ನಿಲ್ಲಿಸಿತು. ನಿಮ್ಮ ಬರೆದ ಡಿಸ್ಕನ್ನು ತಡೆಯದೆ ಕೊನೆಯ ತನಕ ಓದುವ ಪ್ಲೇಯರ್ ಎಷ್ಟೇ ಅಗ್ಗದ್ದಾಗಿರಲಿ, ಅದೇ ಒಳ್ಳೆಯ ಪ್ಲೇಯರ್. ಅಂಥದ್ದು ಕೈಗೆ ಸಿಕ್ಕ ಕೂಡಲೇ ಮನೆಯ ಡಿಸ್ಕ್‌ಗಳನ್ನೆಲ್ಲ ಒಂದೊಂದಾಗಿ ಹಾಕಿ ನೋಡಿ, ತಿಣುಕುತ್ತಿರುವುದನ್ನು ಮೊದಲು ಪ್ರತಿ ಮಾಡಿಸಿ. ಈ ಕೆಲಸವನ್ನು ಮುಂದಿನ ಮಳೆಗಾಲದ ತನಕ ಮುಂದೂಡಬೇಡಿ.