ಸಾವಿರದ ನೂರೈವತ್ತೊಂದು ಪಿನ್ನಿನ ಲೆಕ್ಕ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಆಯುಷ್ಯ ಮುಗಿಯಿತು ಎಂದು ಮೈಕ್ರೋಸಾಫ್ಟ್ ಘೋಷಿಸಿದ್ದೇ ತಡ, ಉಡುತಡಿಯ ನಮ್ಮ ಮನೆಯಲ್ಲೂ ಡೆಸ್ಕ್‌ಟಾಪಿನ ಮಾತು ಎದ್ದಿತು. 2017ರ ಯಂತ್ರ. ಒಳಗೆ ಇಂಟೆಲ್ ಐ3-7100, ಎಚ್110 ಬೋರ್ಡು, ಎಂಟು ಜಿಬಿ ರ್ಯಾಮ್. ಪಹಣಿ ತೆಗೆಯುವುದು, ಶುಂಠಿಯ ಖರ್ಚು ಬರೆದಿಡುವುದು, ಈ ಅಂಕಣ, ಮಗಳ ಕಾಲೇಜಿನ ಕೆಲಸ, ಇಷ್ಟಕ್ಕೆ ಅದು ಇವತ್ತಿಗೂ ಸಾಕು. ಆದರೆ ವಿಂಡೋಸ್ 11ಕ್ಕೆ ಸಾಲದು. ಇಂಟೆಲ್ ಆದರೆ ಬಹುಮಟ್ಟಿಗೆ ಎಂಟನೇ ತಲೆಮಾರಿನಿಂದ ಮೇಲಿನದೇ ಬೇಕು, ನಮ್ಮದು ಏಳನೆಯದು.

ಪೇಟೆಯ ಅಂಗಡಿಯೊಂದರಲ್ಲಿ ಇದಕ್ಕೆ ಸುಲಭದ ಮದ್ದು ಸಿಕ್ಕಿತು. “ಸೆಕೆಂಡ್ ಹ್ಯಾಂಡ್ ಐ5-8400 ಇದೆ ಸರ್, ಐದು ಸಾವಿರಕ್ಕೆ ಹಾಕಿ ಕೊಡ್ತೀನಿ. ಅದೂ ಹನ್ನೊಂದು ಐವತ್ತೊಂದು, ಇದೂ ಹನ್ನೊಂದು ಐವತ್ತೊಂದು. ಕೂರ್ತದೆ.”

ಕೂರುವುದೇನೋ ನಿಜ. ಓಡುವುದಿಲ್ಲ. 2017ರ ಕೊನೆಗೆ ಎಂಟನೇ ತಲೆಮಾರು ಬಂದಾಗ ಇಂಟೆಲ್ ಸಾಕೆಟ್ಟಿನ 1151 ಪಿನ್ನುಗಳ ಸಂಖ್ಯೆಯನ್ನು ಹಾಗೇ ಉಳಿಸಿ, ಕರೆಂಟು ಹರಿಸುವ ಪಿನ್ನುಗಳ ಹಂಚಿಕೆಯನ್ನು ಬದಲಾಯಿಸಿತು. 100 ಮತ್ತು 200 ಸರಣಿಯ ಬೋರ್ಡುಗಳಿಗೆ ಆರು, ಏಳನೇ ತಲೆಮಾರು. 300 ಸರಣಿಗೆ ಎಂಟು, ಒಂಬತ್ತು. ಪಿನ್ನಿಗೆ ಟೇಪು ಅಂಟಿಸಿ, ಬಯಾಸ್ ತಿದ್ದಿ ಓಡಿಸುವ ಹವ್ಯಾಸಿಗಳು ಇದ್ದಾರೆ; ದುಡ್ಡು ಉಳಿಸಲು ಹೊರಟವರು ಹಿಡಿಯುವ ದಾರಿ ಅದಲ್ಲ. ವಿಂಡೋಸ್ 11 ಯಾವ ಜಾಗದಲ್ಲಿ ಬಾಗಿಲು ಹಾಕಿದೆಯೋ, ಬೋರ್ಡೂ ಸರಿಯಾಗಿ ಅಲ್ಲಿಯೇ ಹಾಕಿದೆ. ನನ್ನಂಥ ಏಳನೆಯವರು ಎಂಟನೆಯದನ್ನು ಹುಡುಕಿಕೊಂಡು ಹೋಗುವುದು ಸಹಜ, ಸಿಕ್ಕಿಬೀಳುವುದೂ ಸಹಜ.

ಪೇಟೆಗೆ ಹೊರಡುವ ಮೊದಲೇ ನಾನು ಮನೆಯಲ್ಲಿ ಬೋರ್ಡಿನ ಜಾತಕ ನೋಡಿದ್ದೆ. ಸ್ಟಾರ್ಟ್ ಮೆನುವಿನಲ್ಲಿ ಸಿಸ್ಟಮ್ ಇನ್ಫರ್ಮೇಷನ್ ತೆರೆದರೆ ಬೇಸ್‌ಬೋರ್ಡ್ ಪ್ರಾಡಕ್ಟ್ ಎಂಬ ಸಾಲಿನಲ್ಲಿ ಹೆಸರು ಇರುತ್ತದೆ. ಯಂತ್ರ ಆನ್ ಆಗದಿದ್ದರೆ ಪ್ಲಗ್ ಕಿತ್ತು, ಪಕ್ಕದ ತಗಡು ಬಿಚ್ಚಿ, ಧೂಳು ಒರೆಸಿ ನೋಡಿದರಾಯಿತು, ಬೋರ್ಡಿನ ಮೇಲೇ ಅಚ್ಚಾಗಿರುತ್ತದೆ. ಮೂಲೆಯಲ್ಲಿ ಸಣ್ಣಗೆ ‘ರೆವಿಷನ್’ ಸಂಖ್ಯೆ ಇದ್ದರೆ ಅದನ್ನೂ ಬರೆದುಕೊಳ್ಳಬೇಕು, ಒಂದೇ ಹೆಸರಿನ ಎರಡು ರೆವಿಷನ್ನಿಗೆ ಬೇರೆ ಬೇರೆ ಪಟ್ಟಿ ಇರಬಹುದು. ಆ ಹೆಸರು ಹಿಡಿದು ತಯಾರಕರ ತಾಣದಲ್ಲಿ ಸಿಪಿಯು ಸಪೋರ್ಟ್ ಪಟ್ಟಿ ತೆಗೆದರೆ ಯಾವ ಪ್ರೊಸೆಸರಿಗೆ ಯಾವ ಬಯಾಸ್ ಬೇಕೆಂಬುದೂ ಎದುರಿಗೇ ಇರುತ್ತದೆ. ನನ್ನ ಬೋರ್ಡಿನ ಪಟ್ಟಿ ಏಳನೇ ತಲೆಮಾರಿನ ಐ7ಗೆ ನಿಂತಿತ್ತು. ಮೊಬೈಲಿನಲ್ಲಿ ಅದನ್ನು ತೋರಿಸಿದಾಗ ಅಂಗಡಿಯವರು ಬೇಜಾರು ಮಾಡಿಕೊಳ್ಳಲಿಲ್ಲ. “ಹಾಗಾದ್ರೆ ಐ7-7700 ತಗೊಳ್ಳಿ, ಏಳೂವರೆ ಸಾವಿರ” ಅಂದರು.

ಹಣಕಾಸಿನ ಲೆಕ್ಕ ಕೆಡುವುದು ಇಲ್ಲೇ. ಅಷ್ಟು ಹಳೆಯ ಚಿಪ್ಪಿಗೆ ಅಷ್ಟು ರೇಟು ಏಕೆ? ಆ ಬೋರ್ಡು ಇಟ್ಟುಕೊಂಡವರಿಗೆಲ್ಲ ಹತ್ತಬಹುದಾದ ಕೊನೆಯ ಮೆಟ್ಟಿಲು ಅದೇ. ಎಲ್ಲರೂ ಅದನ್ನೇ ಕೇಳುತ್ತಾರೆ, ರೇಟು ಇಳಿಯುವುದಿಲ್ಲ. ಕೊಂಡರೂ ಅದು ಏಳನೆಯದೇ, ವಿಂಡೋಸ್ 11ರ ಪಟ್ಟಿಯಲ್ಲಿ ಇಲ್ಲ.

ಹೊಸ ಸೆಟ್ಟು ಕೇಳಿದೆ. ಐ3-12100, ಎಚ್610 ಬೋರ್ಡು, ರ್ಯಾಮ್ ಸೇರಿ ಇಪ್ಪತ್ತು ಸಾವಿರದ ಆಜುಬಾಜು. ಎಚ್610ರಲ್ಲಿ ಡಿಡಿಆರ್4 ಹಾಕುವ ಬೋರ್ಡು ಬೇರೆ, ಡಿಡಿಆರ್5 ಹಾಕುವುದು ಬೇರೆ. ಮೊದಲನೆಯದಾದರೆ ನನ್ನ ಹಳೆಯ ಡಿಡಿಆರ್4 ರ್ಯಾಮ್ ಅಲ್ಲೇ ನಡೆಯುತ್ತದೆ. 2025ರ ಕೊನೆಗೆ ರ್ಯಾಮ್ ರೇಟು ಏರಿದ ಮೇಲೆ ಇದು ಸಣ್ಣ ಉಳಿತಾಯವಲ್ಲ. ಪ್ರೊಸೆಸರಿನ ಹೆಸರಿನ ಕೊನೆಗೆ ‘ಎಫ್’ ಇದ್ದರೆ ರೇಟು ಕಡಿಮೆ, ಆದರೆ ಒಳಗೆ ಗ್ರಾಫಿಕ್ಸ್ ಇಲ್ಲ. ಬೇರೆ ಕಾರ್ಡು ಹಾಕದೆ ಮಾನಿಟರಿನಲ್ಲಿ ಏನೂ ಮೂಡದು. ಬೋರ್ಡಿಗೆ ಅಂಟಿಕೊಂಡ ವಿಂಡೋಸ್ ಲೈಸೆನ್ಸು ಬೋರ್ಡಿನ ಜೊತೆಗೇ ಹೋಗುವುದೂ ಉಂಟು. ಕಂಪನಿಯಿಂದ ಸಿದ್ಧವಾಗಿ ಬಂದ ಡೆಲ್, ಎಚ್‌ಪಿ ಡಬ್ಬಿಗಳಲ್ಲಂತೂ ಹಲವಕ್ಕೆ ಎಸ್‌ಎಂಪಿಎಸ್ ಕನೆಕ್ಟರೇ ಬೇರೆ, ಹೊಸ ಬೋರ್ಡಿಗೆ ಕೂರದು.

ಎಎಮ್‌ಡಿ ಇಟ್ಟುಕೊಂಡವರು ಪುಣ್ಯವಂತರು. 2017ರ ಬಿ350 ಬೋರ್ಡುಗಳಿಗೂ 2022ರ ಹೊತ್ತಿಗೆ ರೈಜೆನ್ 5000 ಸರಣಿಯ ಬೆಂಬಲ ಬಯಾಸ್ ಅಪ್‌ಡೇಟಿನಲ್ಲಿ ಬಂತು. ಅದೇ ಸಾಕೆಟ್ಟಿಗೆ ಅಷ್ಟೊಂದು ವರ್ಷದ ಬಾಳಿಕೆ. ಅವರು ಮಾಡಬಾರದ್ದು ಒಂದೇ: ಹಳೆಯ ಪ್ರೊಸೆಸರನ್ನು ಮೊದಲೇ ಎಕ್ಸ್‌ಚೇಂಜಿಗೆ ಕೊಟ್ಟುಬಿಡುವುದು. ಬಯಾಸ್ ಅಪ್‌ಡೇಟ್ ಮಾಡಲು ಸಾಮಾನ್ಯವಾಗಿ ಯಂತ್ರ ಆ ಹಳೆಯದರಲ್ಲೇ ಆನ್ ಆಗಬೇಕು. ಮಳೆಗಾಲದ ಸಂಜೆ ಯುಪಿಎಸ್ ಇಲ್ಲದೆ ಅದಕ್ಕೆ ಕೈಹಾಕಬಾರದು. ನಡುವೆ ಕರೆಂಟು ಹೋದರೆ ಬೋರ್ಡೇ ಕೈಕೊಡಬಹುದು.

ನಾನು ಐ7, ಹೊಸ ಸೆಟ್ಟು ಎರಡನ್ನೂ ಕೊಳ್ಳಲಿಲ್ಲ. ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿದೆ, ಮೂರು ಸಾವಿರದೊಳಗೆ ಮುಗಿಯಿತು. ಯಂತ್ರ ಆಗಾಗ ತಡವರಿಸುತ್ತಿದ್ದುದು ಆ ಡಿಸ್ಕಿನಿಂದ, ಪ್ರೊಸೆಸರಿನಿಂದ ಅಲ್ಲವೇ ಅಲ್ಲ. ವಿಂಡೋಸ್ 10ಕ್ಕೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಕೊಡುವ ಯೋಜನೆಗೆ ಸೆಟಿಂಗ್ಸ್ ಬ್ಯಾಕಪ್ ಆನ್ ಮಾಡಿ ದುಡ್ಡಿಲ್ಲದೆ ಸೇರಿಕೊಂಡೆ. ಆ ಇಪ್ಪತ್ತು ಸಾವಿರದ ಮಾತು ಮುಂದಿನ ಶುಂಠಿ ಮಾರಾಟಕ್ಕೆ ಹೋಯಿತು. ಮಗಳು ಮಾತ್ರ ಅಷ್ಟರೊಳಗೆ ಲ್ಯಾಪ್‌ಟಾಪ್ ಬೇಕು ಅನ್ನಲು ಶುರುಮಾಡಿದ್ದಾಳೆ.