ತಗಡಿನ ಕೆಳಗೆ ಬೇಡ, ತಮ್ಮಾ

ಹೊಸಪೇಟೆ
ಶಿವರಾತ್ರಿಯ ಮರುವಾರ



ನೀನು ಜೋಡಿ ಗಿನಿಪಿಗ್ ತಂದದ್ದು ಕೇಳಿ ಸಂತೋಷವಾಯಿತು. ಒಂಟಿಯಾದರೆ ಅವು ಕೊರಗುತ್ತವೆ, ಎರಡು ತಂದದ್ದು ಒಳ್ಳೆಯದೇ. ಆದರೆ ಗೂಡನ್ನು ಹಿತ್ತಲ ತಗಡಿನ ಶೆಡ್ಡಿನಲ್ಲಿ ಇಟ್ಟಿದ್ದೀ ಎಂದು ನಿಮ್ಮವ್ವ ಫೋನಿನಲ್ಲಿ ಹೇಳಿದ ಮೇಲೆ ನನಗೆ ನಿದ್ದೆ ಹತ್ತಲಿಲ್ಲ. ಈ ಕಡೆ ಅವನ್ನು ಸಾಕುವ ಬೇರೆ ಮಕ್ಕಳೂ ಓದಲಿ ಎಂದು ಇದನ್ನು ಪತ್ರಿಕೆಗೂ ಕೊಡುತ್ತಿದ್ದೇನೆ.

ನಾನೂ ಹಾಗೇ ಇಟ್ಟಿದ್ದೆ. ನೆರಳಿತ್ತು, ನೀರಿತ್ತು, ಮೇವಿತ್ತು. ಏಪ್ರಿಲ್‌ನ ಒಂದು ಮಧ್ಯಾಹ್ನ ಮೂರು ಗಂಟೆಗೆ ಹೋಗಿ ನೋಡಿದರೆ ಕಂದು ಬಣ್ಣದ್ದು ಕಾಲು ಚೆಲ್ಲಿ ಮಲಗಿತ್ತು. ಬಾಯಿ ಒದ್ದೆ, ಹೊಟ್ಟೆ ಏದುಸಿರಿಗೆ ಕುಣಿಯುತ್ತಿತ್ತು. ಸಂಜೆಯೊಳಗೆ ಹೋಯಿತು. ಬಿಸಿಲು ನೇರ ಬಿದ್ದಿರಲಿಲ್ಲ, ಮೇಲಿನ ತಗಡು ಕಾದು ಹಂಚಾಗಿತ್ತು. ಆ ತಪ್ಪು ನನ್ನದು. ನಿನ್ನ ಮನೆಯಲ್ಲಿ ಅದು ಆಗಬಾರದು.

ಅವುಗಳ ತವರು ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟ. ಪೆರುವಿನ ಜನ ಸಾವಿರಾರು ವರ್ಷಗಳಿಂದ ಅವನ್ನು ಸಾಕಿದ್ದಾರೆ, ಅಡುಗೆಮನೆಯ ಮೂಲೆಯಲ್ಲೇ ಬಿಟ್ಟುಕೊಂಡು. 18ರಿಂದ 24 ಡಿಗ್ರಿ ಅವಕ್ಕೆ ಹಿತ. 27 ದಾಟಿದರೆ ಸಂಕಟ ಶುರು. ಮೈ ಬೆವರುವುದಿಲ್ಲ, ತುಪ್ಪಳ ಕಳಚಿಡಲಾಗದು. ನಮ್ಮಲ್ಲಿ ಮೇ ತಿಂಗಳಿಗೆ 40 ಮುಟ್ಟುತ್ತದೆ. ಯುಗಾದಿಯಿಂದ ಮೃಗಶಿರ ಮಳೆ ಬೀಳುವವರೆಗೆ ಅವು ಮನೆಯೊಳಗೇ ಇರಲಿ.

ಒಳಗೆ ಎಂದರೆ ಎಲ್ಲಿ ಬೇಕಾದರೂ ಅಲ್ಲ. ಹಂಪಿಯ ಗುಂಡುಗಳ ನಡುವೆ ಬೇಸಿಗೆ ರಾತ್ರಿ ನಡೆದಿದ್ದೀಯಲ್ಲ, ಕಲ್ಲು ಹಗಲಿನ ಕಾವನ್ನು ಹೊತ್ತು ಮುಳುಗಿದ ಮೇಲೂ ಉಗುಳುತ್ತಿರುತ್ತದೆ. ಆರ್‌ಸಿಸಿ ತಾರಸಿಯ ಕೆಳಗಿನ ಕೋಣೆಯೂ ಹಾಗೇ. ನಿಮ್ಮ ಅಜ್ಜನ ಮಾಳಿಗೆ ಮನೆ ಇದೆಯಲ್ಲ, ಮೊಳದಷ್ಟು ದಪ್ಪ ಗೋಡೆ, ಜಂತಿಯ ಮೇಲೆ ಮಣ್ಣಿನ ಹೊದಿಕೆ: ಅದರ ನಡುಮನೆಗಿಂತ ಒಳ್ಳೆಯ ಜಾಗ ನಿನಗೆ ಸಿಗದು. ಪಡುವಣ ಗೋಡೆಗೆ ಮಾತ್ರ ಗೂಡನ್ನು ಒತ್ತಬೇಡ. ಗೂಡಿನಲ್ಲಿ ಒಂದು ತುಂಡು ಶಹಾಬಾದ್ ಕಲ್ಲು ಹಾಕು, ತಾವೇ ಹೋಗಿ ಅದರ ಮೇಲೆ ಮೈ ಚಾಚುತ್ತವೆ. ಕಿಟಕಿಗೆ ಒದ್ದೆ ಗೋಣಿಚೀಲ ಕಟ್ಟು. ಒಣಗಾಳಿಯಲ್ಲಿ ನೀರು ಆರುತ್ತಾ ತಂಪು ಮಾಡುತ್ತದೆ. ಮಳೆಗಾಲದಲ್ಲಿ ಈ ಉಪಾಯ ನಡೆಯದು, ಥಂಡಿ ಹಿಡಿಯುತ್ತದೆ ಅಷ್ಟೆ.

ಮಳೆಗಾಲದ ಕಷ್ಟವೇ ಬೇರೆ. ಒಣಹುಲ್ಲಿಗೆ ಬೂಷ್ಟು ಬರುತ್ತದೆ, ಮೂಸಿ ನೋಡಿಯೇ ಹಾಕು. ಹಾಸು ಒದ್ದೆಯಾಗಿ ಹಿಂಭಾಗ ಕೊಳೆಯಾದರೆ ನೊಣ ಮೊಟ್ಟೆಯಿಡುತ್ತದೆ. ದಿನವೂ ಎತ್ತಿ ನೋಡು, ಬೇಸರಪಡಬೇಡ. ಸಂಡೂರು ಕಡೆ ಅದಿರಿನ ಲಾರಿ ಓಡುವ ರಸ್ತೆಬದಿಯ ಹುಲ್ಲು ಕೆಂಪು ಧೂಳು ಮೆತ್ತಿಕೊಂಡಿರುತ್ತದೆ, ಕೊಯ್ಯಬೇಡ. ಕಂಪ್ಲಿಯ ಗದ್ದೆ ಬದುವಿನ ಗರಿಕೆ ಅವಕ್ಕೆ ಹಬ್ಬದೂಟ, ಆದರೆ ಭತ್ತಕ್ಕೆ ಔಷಧಿ ಹೊಡೆದಿದ್ದಾರೆಯೇ ಎಂದು ಗದ್ದೆಯವರನ್ನು ಕೇಳದೆ ಒಂದು ಎಸಳನ್ನೂ ತರಬೇಡ. ನಮ್ಮ ಹಾಗೆ ಅವೂ ಸಿ ವಿಟಮಿನ್ ಮೈಯಲ್ಲಿ ಮಾಡಿಕೊಳ್ಳಲಾರವು, ದಿನಾ ಒಂದಿಷ್ಟು ದಪ್ಪ ಮೆಣಸಿನಕಾಯಿ ಕೊಡು.

ಹೊರಗೆ ಬಿಡುವ ಕಾಲ ದೀಪಾವಳಿ ಕಳೆದ ಮೇಲೆ. (ಪಟಾಕಿಯ ದಿನಗಳಲ್ಲಿ ಒಳಮನೆಯೇ ಸರಿ, ಸದ್ದಿಗೆ ಅವು ನಡುಗುವುದನ್ನು ಕಣ್ಣಾರೆ ಕಂಡಿದ್ದೇನೆ.) ಮಾರ್ಗಶಿರ, ಪುಷ್ಯದ ಎಳೆಬಿಸಿಲಿಗೆ ಅಂಗಳದ ಹುಲ್ಲಿನ ಮೇಲೆ ಬಿಟ್ಟರೆ ಪಾಪ್‌ಕಾರ್ನ್ ಸಿಡಿದ ಹಾಗೆ ಕುಪ್ಪಳಿಸುತ್ತವೆ. ಅದನ್ನು ನೋಡುವುದಕ್ಕೇ ಸಾಕಬೇಕು ನೋಡು. ಮೇಲೂ ಜಾಲರಿ ಇರಲಿ. ಬೆಕ್ಕು, ಮುಂಗುಸಿ, ಹಾವು, ಹದ್ದು ನಮ್ಮೂರಿನಲ್ಲಿ ಕಡಿಮೆಯಿಲ್ಲ. ನೆಲಕ್ಕೆ ಮಾತ್ರ ತಂತಿ ಜಾಲರಿ ಹಾಕಬೇಡ, ಪಾದ ಹುಣ್ಣಾಗುತ್ತದೆ. ಕತ್ತಲಾಗುವ ಮೊದಲು ಒಳಗೆ ತಾ. ಚಳಿಗೆ ಹಾಸು ಎರಡು ಪದರ ಹಾಕಿ, ಗಾಳಿ ನುಗ್ಗುವ ಬಾಗಿಲಿನಿಂದ ದೂರ ಇಟ್ಟರೆ ಸಾಕು.

ಗೂಡು ನಾಲ್ಕಡಿ ಉದ್ದ, ಎರಡಡಿ ಅಗಲಕ್ಕಿಂತ ಚಿಕ್ಕದಿದ್ದರೆ ಹೇಳು, ಬಡಗಿಗೆ ಹೇಳಿ ಮಾಡಿಸೋಣ. ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ, ಕಲ್ಲಿನ ತುಂಡು ನಾನೇ ತರುತ್ತೇನೆ. ಅಲ್ಲಿವರೆಗೆ ಕಾಯಬೇಡ, ಈ ಪತ್ರ ಓದಿದ ದಿನವೇ ಗೂಡನ್ನು ನಡುಮನೆಗೆ ಒಯ್ಯಿ.

ನಿನ್ನ ದೊಡ್ಡಪ್ಪ