ಥೈರಾಯ್ಡ್ ರಕ್ತಪರೀಕ್ಷೆ: ವರದಿಯನ್ನು ತಿಳಿದುಕೊಳ್ಳುವುದು ಹೇಗೆ?



ಮೊನ್ನೆ ಭಾನುವಾರ ಪೂಜೆ ಮುಗಿದ ಮೇಲೆ ತಾಯಿಯೊಬ್ಬರು ರಕ್ತಪರೀಕ್ಷೆಯ ವರದಿ ತಂದು, "ಸ್ವಾಮಿ, ಈಗ ಎಲ್ಲ ಸರಿಯಾಗಿದೆಯಂತೆ. ಇನ್ನು ಮಾತ್ರೆ ಬಿಡಬಹುದಲ್ಲವೇ?" ಎಂದು ಕೇಳಿದರು. ಈ ಸಂದೇಹ ಅನೇಕರಲ್ಲಿದೆ.

ಥೈರಾಯ್ಡ್ ಕೊರಳಿನ ಮುಂಭಾಗದಲ್ಲಿರುವ ಗ್ರಂಥಿ. ಅದು ಟಿ-4, ಟಿ-3 ಎಂಬ ಹಾರ್ಮೋನುಗಳನ್ನು ರಕ್ತಕ್ಕೆ ಬಿಡುತ್ತದೆ. ಅದರಿಂದ ಕೆಲಸ ಮಾಡಿಸುವುದು ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ. ಇದು ಕಳುಹಿಸುವ ಆಜ್ಞೆಯೇ ಟಿ.ಎಸ್.ಎಚ್. ಹೊಲದಲ್ಲಿ ಕೂಲಿಯವರು ನಿಧಾನವಾದರೆ ಮೇಸ್ತ್ರಿಯ ಕೂಗು ಜೋರಾಗುತ್ತದೆ. ಹಾಗೆಯೇ ಟಿ.ಎಸ್.ಎಚ್. ಏರಿದ್ದರೆ ಥೈರಾಯ್ಡ್ ಕೆಲಸ ಹೆಚ್ಚಿದೆ ಎಂದಲ್ಲ, ಕುಂದಿದೆ ಎಂದು ಅರ್ಥ.

ವಯಸ್ಕರಲ್ಲಿ ಟಿ.ಎಸ್.ಎಚ್. ಸಾಧಾರಣವಾಗಿ 0.4ರಿಂದ 4ರವರೆಗೆ ಇರುತ್ತದೆ. ಪ್ರಯೋಗಾಲಯಕ್ಕೆ ತಕ್ಕಂತೆ ಇದು ಸ್ವಲ್ಪ ಬದಲಾಗುವುದರಿಂದ ನಿಮ್ಮ ವರದಿಯಲ್ಲೇ ಅಚ್ಚಾಗಿರುವ ಮಿತಿಯನ್ನು ನೋಡಿರಿ. ಒಂದೇ ಅಂಕಿಯನ್ನು ನೋಡಿ ತೀರ್ಮಾನಿಸಬಾರದು.

1. ಟಿ.ಎಸ್.ಎಚ್. ಹೆಚ್ಚು, ಟಿ-4 ಕಡಿಮೆ: ಗ್ರಂಥಿ ಕುಂದಿದೆ. ಆಯಾಸ, ಮಲಬದ್ಧತೆ, ಚಳಿ ತಡೆಯದಿರುವುದು, ಮುಟ್ಟಿನ ಏರುಪೇರು ಕಾಣಬಹುದು. ಚಿಕಿತ್ಸೆ ಬೇಕು.

2. ಟಿ.ಎಸ್.ಎಚ್. 10ರೊಳಗೆ ತುಸು ಹೆಚ್ಚು, ಟಿ-4 ಸರಿ: ಸಾಮಾನ್ಯವಾಗಿ ಎರಡು ಮೂರು ತಿಂಗಳ ನಂತರ ಮತ್ತೆ ಪರೀಕ್ಷಿಸಿ ವೈದ್ಯರು ನಿರ್ಧರಿಸುತ್ತಾರೆ. ವಯಸ್ಸಾದವರಲ್ಲಿ ಇದು ತಾನಾಗಿಯೇ ಸ್ವಲ್ಪ ಏರುವುದುಂಟು.

3. ಟಿ.ಎಸ್.ಎಚ್. ಬಹಳ ಕಡಿಮೆ, ಟಿ-4 ಅಥವಾ ಟಿ-3 ಹೆಚ್ಚು: ಹಾರ್ಮೋನು ಅತಿಯಾಗಿದೆ. ಎದೆಬಡಿತ, ಕೈನಡುಕ, ತೂಕ ಇಳಿಯುವುದು ಇದರ ಲಕ್ಷಣಗಳು.

4. ಟಿ-4 ಕಡಿಮೆಯಿದ್ದರೂ ಟಿ.ಎಸ್.ಎಚ್. ಏರಿಲ್ಲ: ಮೇಸ್ತ್ರಿಗೇ ಕಾಯಿಲೆ ಇರಬಹುದು. ಹೆರಿಗೆಯಲ್ಲಿ ಅತಿಯಾಗಿ ರಕ್ತ ಹೋಗಿ, ಆಮೇಲೆ ಎದೆಹಾಲು ಬಾರದೆ ಮುಟ್ಟೂ ನಿಂತ ತಾಯಂದಿರು ಅದನ್ನು ವೈದ್ಯರಿಗೆ ತಪ್ಪದೆ ಹೇಳಬೇಕು.

ಇನ್ನು ಆ ತಾಯಿಯ ಪ್ರಶ್ನೆ. ಅಂಕಿ ಸರಿಯಾದದ್ದು ಮಾತ್ರೆಯಿಂದ. ತಾವಾಗಿಯೇ ಬಿಟ್ಟರೆ ಬಹುಪಾಲು ಜನರಲ್ಲಿ ಕೆಲವು ವಾರಗಳಲ್ಲೇ ಟಿ.ಎಸ್.ಎಚ್. ಮತ್ತೆ ಏರುತ್ತದೆ. ಮಾತ್ರೆಯನ್ನು ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ ನೀರಿನೊಡನೆ ತೆಗೆದುಕೊಂಡು, ಅರ್ಧದಿಂದ ಒಂದು ಗಂಟೆಯ ನಂತರವೇ ಕಾಫಿ, ತಿಂಡಿ ಸೇವಿಸಿರಿ. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗೆ ನಾಲ್ಕು ಗಂಟೆ ಅಂತರವಿರಲಿ. ಪ್ರಮಾಣ ಬದಲಿಸಿದರೆ 6ರಿಂದ 8 ವಾರಗಳ ನಂತರ ಮರುಪರೀಕ್ಷೆ ಮಾಡಿಸಿರಿ.

ಗರ್ಭಿಣಿಯರಿಗೆ ಮಿತಿ ಬೇರೆ. ಮೊದಲ ತಿಂಗಳುಗಳಲ್ಲಿ ಮಗುವಿನ ಮೆದುಳು ತಾಯಿಯ ಹಾರ್ಮೋನನ್ನೇ ನೆಚ್ಚಿರುತ್ತದೆ. ಆದ್ದರಿಂದ ಗರ್ಭ ನಿಂತದ್ದು ತಿಳಿದೊಡನೆ ಮಾತ್ರೆ ನಿಲ್ಲಿಸದೆ ವೈದ್ಯರನ್ನು ಕಾಣಿರಿ.

ಸೇಲಂ, ಧರ್ಮಪುರಿ ಕಡೆಯ ನಮ್ಮ ಬೆಳೆ ಮರಗೆಣಸು. ಅದರಲ್ಲಿರುವ ಒಂದು ವಿಷಾಂಶವು ದೇಹದಲ್ಲಿ ಥಯೋಸಯನೇಟ್ ಆಗಿ, ಥೈರಾಯ್ಡ್ ಗ್ರಂಥಿಗೆ ಅಯೋಡಿನ್ ಸೇರದಂತೆ ತಡೆಯುತ್ತದೆ. ಅಯೋಡಿನ್ ಕೊರತೆಯಿದ್ದವರು ಅದನ್ನೇ ಹೆಚ್ಚಾಗಿ ತಿಂದರೆ ಗಳಗಂಡ ಬರಬಹುದು. ಸಿಪ್ಪೆ ತೆಗೆದು, ಚೆನ್ನಾಗಿ ಬೇಯಿಸಿ, ಬೇಯಿಸಿದ ನೀರನ್ನು ಚೆಲ್ಲಿರಿ. ಅಯೋಡಿನ್ ಇಲ್ಲದ ಉಪ್ಪನ್ನು ಅಡುಗೆಗಾಗಿ ಮಾರುವುದನ್ನು 2006ರಲ್ಲಿ ನಿಷೇಧಿಸಲಾಗಿದೆ. ದನಕ್ಕೆ ತಂದ ಕಲ್ಲುಪ್ಪನ್ನು ಅಡುಗೆಗೆ ಬಳಸಬೇಡಿರಿ. ಆದರೆ ಅಯೋಡಿನ್ ಉಪ್ಪು ಮಾತ್ರೆಗೆ ಬದಲಿಯಲ್ಲ.

ಹಳೆಯ ವರದಿಗಳನ್ನು ಎಸೆಯದೆ ದಿನಾಂಕದ ಪ್ರಕಾರ ಜೋಡಿಸಿಟ್ಟು, ವೈದ್ಯರ ಬಳಿ ಹೋಗುವಾಗ ಎಲ್ಲವನ್ನೂ ಒಟ್ಟಿಗೆ ಒಯ್ಯಿರಿ.